ನಮಗೆ ಬೇಕಾದದ್ದು ಮಕ್ಕಳೋ, ತುಂಬಿದ ಬೆಂಚುಗಳೋ?

ನಮ್ಮ ಕಡೆ ಯಾವ ಧರ್ಮಕೇಂದ್ರದ ಸಭೆಗೆ ಹೋದರೂ ಈಗ ಒಂದು ಮಾತು ತಪ್ಪದೆ ಕೇಳಿಬರುತ್ತದೆ. "ಯುವಜನರು ದೇವಾಲಯಕ್ಕೆ ಬರುತ್ತಿಲ್ಲ." ಪಾಲನಾ ಸಮಿತಿಯ ಸಭೆಯಲ್ಲಿ, ಗಾಯನವೃಂದದ ಅಭ್ಯಾಸದ ನಡುವೆ, ಹಬ್ಬದ ತೇರಿಗೆ ಹೂವು ಕಟ್ಟುವ ಜಗಲಿಯಲ್ಲಿ, ಕೊನೆಗೆ ಸಾವಿನ ಮನೆಯ ಅಂಗಳದಲ್ಲೂ ಇದೇ ಮಾತು. ಮಾತು ಒಂದು ಸುತ್ತು ಬಂದ ಮೇಲೆ ಯಾರಾದರೊಬ್ಬ ಹಿರಿಯರು "ಕಾಲಕ್ಕೆ ತಕ್ಕಂತೆ ನಾವೂ ಬದಲಾಗಬೇಕು ಸ್ವಾಮಿ" ಎಂದು ಗುರುಗಳ ಕಡೆ ನೋಡುತ್ತಾರೆ. ಎಲ್ಲರೂ ತಲೆದೂಗುತ್ತೇವೆ. ಆಮೇಲೆ ಕಾಫಿ ಬರುತ್ತದೆ.

ತಲೆದೂಗಿದವರಲ್ಲಿ ನಾನೂ ಒಬ್ಬ. ಮೂವತ್ತು ವರ್ಷಗಳಿಂದ ಭಾನುವಾರದ ಧರ್ಮೋಪದೇಶದ ತರಗತಿ ನಡೆಸಿಕೊಂಡು ಬಂದವನು. ಕೆಲವು ವರ್ಷಗಳ ಹಿಂದೆ ಯುವಜನ ಸಂಘದ ಹೊಣೆಯನ್ನೂ ನನ್ನ ಹೆಗಲಿಗೆ ಹಾಕಿದಾಗ ಹುರುಪಿನಿಂದಲೇ ಒಪ್ಪಿಕೊಂಡೆ. ಹಳೆಯ ಹಾರ್ಮೋನಿಯಂ ಮೂಲೆಗೆ ಸರಿದು ಕೀಬೋರ್ಡ್, ಗಿಟಾರ್, ಡ್ರಮ್ಸ್ ಬಂದವು. ಹಾಡಿನ ಸಾಲುಗಳನ್ನು ಗೋಡೆಯ ಮೇಲೆ ಮೂಡಿಸುವ ಪ್ರೊಜೆಕ್ಟರ್ ಬಂತು. ವಾಟ್ಸಾಪ್ ಗುಂಪು ಆಯಿತು. ಅದರಲ್ಲಿ ದಿನಾ ಬೆಳಗ್ಗೆ ಗುಲಾಬಿ ಹೂವಿನ ಚಿತ್ರದೊಂದಿಗೆ ಒಂದು ಬೈಬಲ್ ವಾಕ್ಯ. (ಆ ಗುಲಾಬಿಗಳನ್ನು ಕಳಿಸುತ್ತಿದ್ದವನು ನಾನೇ. ಅವನ್ನು ತೆರೆದು ನೋಡುತ್ತಿದ್ದವನೂ ನಾನೊಬ್ಬನೇ ಎಂದು ಆಮೇಲೆ ತಿಳಿಯಿತು.) ಮೂರು ತಿಂಗಳು ಸಭಾಂಗಣ ತುಂಬಿತ್ತು. ಆರನೆಯ ತಿಂಗಳಿಗೆ ಡ್ರಮ್ಸ್ ಬಾರಿಸುವ ಹುಡುಗನಿಗೆ ಬೇರೆ ಊರಿನಲ್ಲಿ ಕೆಲಸ ಸಿಕ್ಕಿತು. ವರ್ಷ ತುಂಬುವುದರೊಳಗೆ, ಕ್ರಿಸ್ಮಸ್ಸಿಗೆ ಗೋದಲಿಯ ಗುಡ್ಡ ಮಾಡಲು ಬಳಸುವ ಗೋಣಿಬಟ್ಟೆ ಆ ಡ್ರಮ್ಸಿನ ಮೇಲೆ ಬಿದ್ದಿತ್ತು.

ಅಂಥ ಒಂದು ಸಂಜೆ ಉಳಿದ ಏಳೆಂಟು ಮಂದಿಯನ್ನು ಕೂರಿಸಿಕೊಂಡು ಬುದ್ಧಿ ಹೇಳುತ್ತಿದ್ದೆ. ಬಾರದವರ ಮೇಲಿನ ಸಿಟ್ಟನ್ನು ಬಂದವರ ಮೇಲೆ ತೀರಿಸಿಕೊಳ್ಳುವುದು ಮೇಷ್ಟ್ರುಗಳ ಹಳೆಯ ಚಾಳಿ. ಬಿ.ಕಾಂ. ಓದುತ್ತಿದ್ದ ಒಬ್ಬ ಹುಡುಗಿ ಕೈ ಎತ್ತಿದಳು. ನನ್ನ ತರಗತಿಯಲ್ಲೇ ಪ್ರಥಮ ಪರಮಪ್ರಸಾದಕ್ಕೆ ಸಿದ್ಧಳಾದವಳು.

"ಸರ್, ನಾವು ಬರದೇ ಇದ್ರೆ ನಿಮಗೇನು ನಷ್ಟ?"

"ನಷ್ಟ ಅಲ್ಲವೇನಮ್ಮ? ಹೀಗೇ ಆದರೆ ಇನ್ನಿಪ್ಪತ್ತು ವರ್ಷಕ್ಕೆ ಈ ಚರ್ಚು ಖಾಲಿಯಾಗುತ್ತೆ."

"ಹಾಗಾದ್ರೆ ನಿಮಗೆ ಬೇಕಾಗಿರೋದು ನಾವಲ್ಲ ಸರ್. ತುಂಬಿದ ಬೆಂಚು."

ಅವಳ ದನಿಯಲ್ಲಿ ಉದ್ಧಟತನವಿರಲಿಲ್ಲ. ಲೆಕ್ಕದ ಪುಸ್ತಕದಲ್ಲಿ ತಪ್ಪೊಂದನ್ನು ಗುರುತಿಸಿ ತೋರಿಸುವಂತೆ ಹೇಳಿದಳು, ಅಷ್ಟೇ. ನಾನು ನಕ್ಕು ಮಾತು ಹಾರಿಸಿದೆ. ಮನೆಗೆ ನಡೆದು ಬರುವಾಗ ಮಾತ್ರ ಒಂದು ಸಂಗತಿ ಕಾಲಿಗೆ ತೊಡರಿತು. ಅವಳು ಅಷ್ಟು ನೇರವಾಗಿ ಕೇಳಿದಾಗ ನಾನು ಕೊಟ್ಟ ಉತ್ತರದಲ್ಲಿ ಚರ್ಚಿತ್ತು, ಇಪ್ಪತ್ತು ವರ್ಷವಿತ್ತು, ಖಾಲಿ ಬೆಂಚಿತ್ತು. ಕ್ರಿಸ್ತ ಎಲ್ಲೂ ಇರಲಿಲ್ಲ. "ನೀನು ಬಾರದಿದ್ದರೆ ನಿನಗೆ ಸಿಗಬೇಕಾದ ಒಂದು ದೊಡ್ಡ ಪ್ರೀತಿ ತಪ್ಪಿಹೋಗುತ್ತದೆ ಎಂಬ ಸಂಕಟ ನನಗೆ" ಎಂದು ನಾನು ಹೇಳಬಹುದಾಗಿತ್ತು. ಹೇಳಲಿಲ್ಲ. ನಿಜ ಹೇಳಬೇಕೆಂದರೆ ಆ ಹೊತ್ತಿನಲ್ಲಿ ಅಂಥ ಸಂಕಟವೇನೂ ನನಗಿರಲಿಲ್ಲ. ಇದ್ದದ್ದು ಸೋತೆನೆಂಬ ಅವಮಾನ ಮಾತ್ರ.

ಯುವಜನ ಸೇವೆಯನ್ನು ಆಧುನಿಕಗೊಳಿಸುವುದು ಹೇಗೆ ಎಂದು ಕೇಳುವ ಮೊದಲು ಇನ್ನೊಂದು ಪ್ರಶ್ನೆಯನ್ನು ಕೇಳಿಕೊಳ್ಳಬೇಕು ಎಂದು ನನಗೆ ಅಂದಿನಿಂದ ಅನ್ನಿಸುತ್ತಿದೆ. ಯುವಜನರು ನಮಗೆ ಬೇಕಾಗಿರುವುದು ಯಾತಕ್ಕೆ? ಸಂಸ್ಥೆ ಉಳಿಯಬೇಕೆಂದೇ? ನಮ್ಮ ತಾತಂದಿರು ಕಲ್ಲು ಹೊತ್ತು ಕಟ್ಟಿದ ದೇವಾಲಯಕ್ಕೆ ವಾರಸುದಾರರು ಬೇಕೆಂದೇ? ನಾಲ್ಕು ಜನರ ಮುಂದೆ "ಇವರ ಮಕ್ಕಳು ಪೂಜೆಗೆ ಬರುತ್ತಾರೆ" ಎನ್ನಿಸಿಕೊಳ್ಳಬೇಕೆಂದೇ? ಇವೆಲ್ಲ ಕೆಟ್ಟ ಆಸೆಗಳಲ್ಲ. ಆದರೆ ಇಲ್ಲೆಲ್ಲ ಮಗುವೊಂದು ನಮ್ಮ ಇನ್ನಾವುದೋ ಉದ್ದೇಶಕ್ಕೆ ಸಾಧನವಾಗುತ್ತದೆ. ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಹೊರಡಿಸಿದ, ಆಧುನಿಕ ಜಗತ್ತಿನಲ್ಲಿ ಧರ್ಮಸಭೆಯನ್ನು ಕುರಿತ ಸಂವಿಧಾನವು, ಭೂಮಿಯ ಮೇಲೆ ದೇವರು ಅದರ ಸಲುವಾಗಿಯೇ ಬಯಸಿದ ಸೃಷ್ಟಿ ಮನುಷ್ಯನೊಬ್ಬನೇ ಎಂದು ಬೋಧಿಸುತ್ತದೆ. ದೇವರೇ ಯಾವ ಲಾಭವನ್ನೂ ನೋಡದೆ ಬಯಸಿದ ಮಗುವನ್ನು ನಾವು ಬೆಂಚು ತುಂಬಿಸಲಿಕ್ಕೆ ಬಯಸುವುದಾದರೆ, ಗಿಟಾರ್ ಇಟ್ಟರೂ ಒಂದೇ, ಹಾರ್ಮೋನಿಯಂ ಇಟ್ಟರೂ ಒಂದೇ. ಯುವಕರಿಗೆ ಇದು ಬಲು ಬೇಗ ವಾಸನೆ ಹಿಡಿಯುತ್ತದೆ. ದಿನವಿಡೀ ಏನಾದರೊಂದನ್ನು ಮಾರಲು ಬರುವವರ ನಡುವೆಯೇ ಬೆಳೆದ ಪೀಳಿಗೆ ಅದು. ನಗುಮುಖದ ಹಿಂದೆ ಗಿರಾಕಿಯನ್ನು ಹುಡುಕುವ ಕಣ್ಣನ್ನು ಅವರು ನಮಗಿಂತ ಚೆನ್ನಾಗಿ ಬಲ್ಲರು.

ವಾದ್ಯಗಳ ಮೇಲೆ ನನಗೆ ಕೋಪವಿಲ್ಲ. ನಮ್ಮ ಬಾಲ್ಯದಲ್ಲಿ ಲತೀನಿನ ಜಾಗಕ್ಕೆ ಕನ್ನಡ ಬಂದಾಗ, ತಬಲ ಬಂದಾಗ ಹಿರಿಯರು ಮುಖ ಸಿಂಡರಿಸಿದ್ದುಂಟು. ಈಗ ಅದೇ ಹಾಡುಗಳನ್ನು "ನಮ್ಮ ಹಳೆಯ ಸಂಪ್ರದಾಯ" ಎನ್ನುತ್ತೇವೆ. ಹೊಸದು ಬರಲಿ. ಆದರೆ ಹೊಸದನ್ನು ತಂದದ್ದರಿಂದಲೇ ಯುವಕರು ಬರುತ್ತಾರೆಂಬ ಲೆಕ್ಕ ಮಾತ್ರ ತಪ್ಪು. ಫ್ರಾನ್ಸಿನ ತೇಜೇ ಎಂಬ ಸಣ್ಣ ಹಳ್ಳಿಯಲ್ಲಿ ಬ್ರದರ್ ರೋಜರ್ 1940ರಲ್ಲಿ ನೆಲೆಸಿ ಕಟ್ಟಿದ ಸಮುದಾಯಕ್ಕೆ ದಶಕಗಳಿಂದ ಸಾವಿರಾರು ಯುವಜನರು ಹೋಗುತ್ತಿದ್ದಾರೆ. ಅಲ್ಲಿ ಅವರಿಗೆ ಸಿಗುವುದು ಒಂದೇ ಸಾಲನ್ನು ಮತ್ತೆ ಮತ್ತೆ ಹಾಡುವ ಪ್ರಾರ್ಥನೆ, ದೀರ್ಘ ಮೌನ, ಸರಳ ಊಟ. ಮನರಂಜನೆ ಬೇಕಾದರೆ ಅದು ಅವರ ಕಿಸೆಯಲ್ಲೇ ಇದೆ. ಅದಕ್ಕಾಗಿ ಬಸ್ಸು ಹತ್ತಿ ನಮ್ಮ ಬಳಿ ಬರಬೇಕಾಗಿಲ್ಲ.

ಸಂತ ಕಾರ್ಲೊ ಅಕುಟಿಸ್‌ರವರ ವಿಷಯದಲ್ಲೂ ನಾವು ಹೀಗೇ ಎಡವುತ್ತಿದ್ದೇವೇನೋ. 1991ರಲ್ಲಿ ಲಂಡನ್ನಿನಲ್ಲಿ ಹುಟ್ಟಿ, ಇಟಲಿಯಲ್ಲಿ ಬೆಳೆದು, 2006ರಲ್ಲಿ ರಕ್ತದ ಕ್ಯಾನ್ಸರಿನಿಂದ ಹದಿನೈದನೆಯ ವಯಸ್ಸಿಗೇ ತೀರಿಕೊಂಡ ಈ ಹುಡುಗನನ್ನು 2025ರ ಸೆಪ್ಟೆಂಬರ್ 7ರಂದು ಜಗದ್ಗುರು ಹದಿನಾಲ್ಕನೆಯ ಲಿಯೋರವರು ಸಂತರೆಂದು ಘೋಷಿಸಿದರು. ಜೀನ್ಸ್ ತೊಟ್ಟು ಬೆನ್ನಿಗೆ ಚೀಲ ಹಾಕಿದ ಅವನ ಚಿತ್ರ ಈಗ ಎಷ್ಟೋ ಕಡೆ ಕಾಣುತ್ತದೆ. "ನೋಡಿ, ಕಂಪ್ಯೂಟರ್ ಸಂತ!" ಎಂದು ಮಕ್ಕಳಿಗೆ ತೋರಿಸುತ್ತೇವೆ, ಕಂಪ್ಯೂಟರೇ ಅವನನ್ನು ಸಂತನನ್ನಾಗಿ ಮಾಡಿತೇನೋ ಎಂಬಂತೆ. ಪರಮಪ್ರಸಾದದ ಅದ್ಭುತಗಳ ಬಗ್ಗೆ ಅವನು ಕಂಪ್ಯೂಟರಿನಲ್ಲಿ ಮಾಹಿತಿ ಜೋಡಿಸಿಟ್ಟದ್ದು ನಿಜ. ಆದರೆ ಅದರ ಹಿಂದೆ ದಿನನಿತ್ಯದ ಬಲಿಪೂಜೆಯಿತ್ತು, ಪರಮಪ್ರಸಾದದ ಮುಂದೆ ಮೌನವಾಗಿ ಕುಳಿತ ಹೊತ್ತುಗಳಿದ್ದವು. ನನ್ನನ್ನು ಹೆಚ್ಚು ತಟ್ಟಿದ್ದು ಇನ್ನೊಂದು ಸಂಗತಿ. ಆ ಮನೆಯಲ್ಲಿ ಹಿರಿಯರು ಮಗನನ್ನು ಚರ್ಚಿಗೆ ಎಳೆದುಕೊಂಡು ಹೋಗಲಿಲ್ಲ. ಮದುವೆಯ ತನಕ ತಾನು ಪೂಜೆಗೆ ಹೋದದ್ದು ಬೆರಳೆಣಿಕೆಯಷ್ಟೇ, ಮಗನ ಪ್ರಶ್ನೆಗಳಿಗೆ ಉತ್ತರ ಹುಡುಕುತ್ತಾ ತಾನು ವಿಶ್ವಾಸಕ್ಕೆ ಬಂದೆ ಎಂದು ಅವನ ತಾಯಿಯೇ ಹೇಳಿಕೊಂಡಿದ್ದಾರೆ. ನಾವು ಸಭೆಗಳಲ್ಲಿ ಚರ್ಚಿಸುವುದು ಯುವಕರನ್ನು ಕರೆತರುವುದು ಹೇಗೆಂದು. ಅವರು ನಮ್ಮನ್ನು ಎಲ್ಲಿಗಾದರೂ ಕರೆದೊಯ್ಯಬಹುದೆಂಬುದು ಕಾರ್ಯಸೂಚಿಯಲ್ಲೇ ಇರುವುದಿಲ್ಲ.

ಹಳೆಯ ಕಥೆಯೊಂದು ಇಲ್ಲಿ ನೆನಪಾಗುತ್ತದೆ. 1841ರ ಡಿಸೆಂಬರ್ 8, ಅಮಲೋದ್ಭವ ಮಾತೆಯ ಹಬ್ಬ. ಟ್ಯೂರಿನ್ ನಗರದ ಒಂದು ಚರ್ಚಿನಲ್ಲಿ ಹೊಸದಾಗಿ ಗುರುದೀಕ್ಷೆ ಪಡೆದಿದ್ದ ಜಾನ್ ಬೋಸ್ಕೋ ಪೂಜೆಗೆ ಉಡುಪು ಧರಿಸುತ್ತಿದ್ದರು. ಚಳಿಗೆ ಒಳಗೆ ಬಂದು ನಿಂತಿದ್ದ ಗಾರೆಕೆಲಸದ ಅನಾಥ ಹುಡುಗನೊಬ್ಬನನ್ನು ಚರ್ಚಿನ ಪರಿಚಾರಕ ಪೂಜೆಗೆ ಸಹಾಯ ಮಾಡೆಂದ. ಬಾರದು ಎಂದ ಹುಡುಗನಿಗೆ "ಹಾಗಾದರೆ ಇಲ್ಲಿಗೇಕೆ ಬಂದೆ?" ಎಂದು ಹೊಡೆದು ಓಡಿಸಿದ. ಬೋಸ್ಕೋರವರು ಅವನನ್ನು ವಾಪಸು ಕರೆಸಿದರು. ಅವನು ನನ್ನ ಸ್ನೇಹಿತ ಎಂದರು. ಪೂಜೆ ಮುಗಿದ ಮೇಲೆ ಪಕ್ಕ ಕೂರಿಸಿಕೊಂಡು ವಿಚಾರಿಸಿದರು. ಓದು ಬರುತ್ತದೆಯೇ? ಇಲ್ಲ. ಬರೆಯಲು? ಇಲ್ಲ. ಹಾಡಲು? ಅದೂ ಇಲ್ಲ. ಸಿಳ್ಳೆ ಹಾಕಲು? ಆಗ ಹುಡುಗ ನಕ್ಕನೆಂದು ಸಲೇಷಿಯನ್ ಪರಂಪರೆ ಹೇಳುತ್ತದೆ. ನಮ್ಮ ಪ್ರಸಂಗಗಳಲ್ಲಿ ಕಥೆ ಇಲ್ಲಿಗೆ ಮುಗಿಯುತ್ತದೆ, ಎಲ್ಲರೂ ನಗುತ್ತೇವೆ. ಮುಂದಿನದು ಅಷ್ಟು ಸಿಹಿಯಲ್ಲ. ಹತ್ತು ವರ್ಷಗಳ ನಂತರ ಅದೇ ಬೋಸ್ಕೋರವರು ತಮ್ಮ ಹುಡುಗರನ್ನು ಕೆಲಸಕ್ಕಿಟ್ಟುಕೊಳ್ಳುವ ಯಜಮಾನರ ಬಳಿಗೆ ಕರಾರು ಪತ್ರ ಹಿಡಿದುಕೊಂಡು ಹೋಗುತ್ತಿದ್ದರು. ಹುಡುಗನಿಗೆ ಕಸುಬು ಕಲಿಸಬೇಕು, ತಪ್ಪಾದರೆ ಮಾತಿನಲ್ಲಿ ತಿದ್ದಬೇಕೇ ಹೊರತು ಕೈ ಎತ್ತಬಾರದು, ಭಾನುವಾರ ಮತ್ತು ಹಬ್ಬದ ದಿನ ಬಿಡುವು ಕೊಡಬೇಕು ಎಂದೆಲ್ಲ ಬರೆಸಿ ಸಹಿ ಹಾಕಿಸುತ್ತಿದ್ದರು. ಸಿಳ್ಳೆ ಮತ್ತು ಕರಾರು ಎರಡೂ ಬೇಕು. ನಮ್ಮ ಊರುಗಳಿಂದ ಪಿ.ಯು.ಸಿ., ಡಿಗ್ರಿ ಮುಗಿಸಿದ ಮಕ್ಕಳು ಬೆಂಗಳೂರಿಗೆ ಹೋಗಿ, ನಾಲ್ವರು ಮಲಗುವ ಪಿ.ಜಿ. ಕೋಣೆಯಲ್ಲಿದ್ದುಕೊಂಡು, ರಾತ್ರಿ ಪಾಳಿಯಲ್ಲಿ ದುಡಿಯುತ್ತಿದ್ದಾರೆ. ಯಾರ ಸಂಬಳ ತಿಂಗಳಾದರೂ ಬಂದಿಲ್ಲ, ಯಾವ ಹುಡುಗಿಗೆ ಮೇಲಧಿಕಾರಿಯಿಂದ ಕಿರುಕುಳವಾಗುತ್ತಿದೆ ಎಂದು ನಮ್ಮ ಯಾವ ಯುವಜನ ಸಂಘಕ್ಕೆ ಗೊತ್ತಿದೆ? ಆ ಮಕ್ಕಳ ಹೆಸರು ನಮ್ಮ ಧರ್ಮಕೇಂದ್ರದ ಪುಸ್ತಕದಲ್ಲಿದೆ. ದೇಹ ಬೇರೆಲ್ಲೋ ಇದೆ. ಅಲ್ಲಿನ ಧರ್ಮಕೇಂದ್ರಕ್ಕೆ ಅವರು ಬಂದದ್ದೇ ತಿಳಿದಿಲ್ಲ. "ಬರುತ್ತಿಲ್ಲ" ಎಂದು ನಾವು ದೂರುವವರಲ್ಲಿ ಎಷ್ಟೋ ಮಂದಿ ಊರಿನಲ್ಲೇ ಇಲ್ಲ.

ಹೀಗೆ ಊರು ಬಿಟ್ಟವರಲ್ಲಿ ನನ್ನ ಮಗನೂ ಒಬ್ಬ. ಬರೆಯಬೇಕೋ ಬೇಡವೋ ಎಂದು ಯೋಚಿಸಿದೆ. ಈ ವಿಷಯ ಎತ್ತಿಕೊಂಡ ಮೇಲೆ ಅದನ್ನು ಮುಚ್ಚಿಟ್ಟರೆ ಉಳಿದದ್ದೆಲ್ಲ ಸುಳ್ಳಾಗುತ್ತದೆ. ಪ್ರತಿ ಭಾನುವಾರ ಸಂಜೆ ಅವನಿಗೆ ಫೋನ್ ಮಾಡುತ್ತಿದ್ದೆ. "ಪೂಜೆಗೆ ಹೋಗಿದ್ದೆಯಾ?" "ಹ್ಞೂ ಅಪ್ಪಾ, ಹೋಗಿದ್ದೆ." ಆಮೇಲೆ ಮಳೆ, ಊಟ, ಅಮ್ಮನ ಮಂಡಿನೋವು. ಎರಡು ವರ್ಷ ಹೀಗೇ ನಡೆಯಿತು. ಒಂದು ಭಾನುವಾರ, ಪರೀಕ್ಷೆಗೆಂದಲ್ಲ, ಅಂದಿನ ಶುಭಸಂದೇಶ ನನ್ನ ಮನಸ್ಸಿಗೆ ಹಿಡಿಸಿದ್ದರಿಂದ, "ಇವತ್ತಿನ ಶುಭಸಂದೇಶಕ್ಕೆ ಅಲ್ಲಿ ಏನು ಪ್ರಸಂಗ ಮಾಡಿದರು?" ಎಂದು ಕೇಳಿಬಿಟ್ಟೆ. ಆ ಕಡೆ ಸದ್ದಿಲ್ಲ. ಆ ಮೌನದಲ್ಲಿ ಎರಡು ವರ್ಷದ ಭಾನುವಾರಗಳೆಲ್ಲ ನನಗೆ ತಿಳಿದುಹೋದವು.

ಸಿಟ್ಟು ಬಂತು. ಫೋನ್ ಇಟ್ಟು ಹಾರಾಡಿದೆ. ನನ್ನ ಮನೆಯಾಕೆ ಅಕ್ಕಿ ಆರಿಸುತ್ತಾ ಕುಳಿತಿದ್ದವಳು ತಲೆ ಎತ್ತದೆ ಅಂದಳು: "ನೀವು ಮಾತಾಡ್ತಾ ಇದ್ದಿದ್ದು ಮಗನ ಜೊತೆಯಲ್ಲ. ಹಾಜರಿ ಪುಸ್ತಕದ ಜೊತೆ."

ಇದೂ ಅದೇ ಬೆಂಚಿನ ಮಾತೇ. ಪ್ರತಿ ವಾರ ನಾನು ಕೇಳಿದ ಪ್ರಶ್ನೆಗೆ ಒಂದೇ ಸರಿಯುತ್ತರವಿತ್ತು, ಅದು ಅವನಿಗೂ ಗೊತ್ತಿತ್ತು. ಅಂಥ ಪ್ರಶ್ನೆ ಉತ್ತರವನ್ನು ಬೇಡುವುದಿಲ್ಲ, ಒಪ್ಪಿಗೆಯನ್ನು ವಸೂಲಿ ಮಾಡುತ್ತದೆ. ಸುಳ್ಳು ಹೇಳಿದ ಪಾಪ ಅವನದಿರಬಹುದು. ಸುಳ್ಳು ಹೇಳದೆ ನನ್ನೊಂದಿಗೆ ಮಾತಾಡಲಾರದಂಥ ಸ್ಥಿತಿಯನ್ನು ಕಟ್ಟಿದವನು ನಾನು. ಪಾಪನಿವೇದನೆಯಲ್ಲಿ ಇದನ್ನು ಹೇಳಲು ನನಗೆ ಕೆಲವು ತಿಂಗಳೇ ಹಿಡಿದವು, ಏಕೆಂದರೆ ಇದಕ್ಕೆ ಯಾವ ಹೆಸರು ಕೊಡಬೇಕೆಂದು ತಿಳಿಯಲಿಲ್ಲ.

ಇಲ್ಲಿ ಓದುಗರು ಒಂದು ಆಕ್ಷೇಪ ಎತ್ತುತ್ತಾರೆಂದು ಬಲ್ಲೆ, ನಾನೂ ಅದನ್ನು ಎತ್ತಿದ್ದೇನೆ. ಕೇಳುವುದನ್ನೇ ಬಿಟ್ಟುಬಿಟ್ಟರೆ ತಂದೆತಾಯಂದಿರ ಕರ್ತವ್ಯವೇನಾಯಿತು? ದೀಕ್ಷಾಸ್ನಾನದ ದಿನ ಮಗುವನ್ನು ವಿಶ್ವಾಸದಲ್ಲಿ ಬೆಳೆಸುತ್ತೇವೆಂದು ದೇವರ ಮುಂದೆ ಮಾತು ಕೊಟ್ಟವರು ನಾವಲ್ಲವೇ? ಪ್ರವಾದಿ ಯೆಜೆಕಿಯೇಲನಿಗೆ ದೇವರು ಕಾವಲುಗಾರನ ಹೊಣೆ ಹೊರಿಸಿದಾಗ, ಎಚ್ಚರಿಸದೆ ಸುಮ್ಮನಿದ್ದರೆ ರಕ್ತದ ಲೆಕ್ಕ ನಿನ್ನನ್ನೇ ಕೇಳುತ್ತೇನೆ ಎಂಬರ್ಥದ ಮಾತು ಹೇಳಲಿಲ್ಲವೇ? ಈ ಆಕ್ಷೇಪ ಹಗುರವಾದದ್ದಲ್ಲ. ಯುವಕರೇನು ದೇವದೂತರೂ ಅಲ್ಲ. ರಾತ್ರಿ ಒಂದು ಗಂಟೆಯವರೆಗೆ ಫೋನ್ ನೋಡಿ ಬೆಳಗ್ಗೆ ಏಳಲಾಗದವನು ತನ್ನ ಸೋಮಾರಿತನಕ್ಕೆ "ಚರ್ಚಿನಲ್ಲಿ ನನಗೆ ಅರ್ಥ ಸಿಗುವುದಿಲ್ಲ" ಎಂಬ ದೊಡ್ಡ ಹೆಸರಿಡುವುದನ್ನು ನಾನೂ ನೋಡಿದ್ದೇನೆ. ಭಾನುವಾರದ ಪೂಜೆ ಇಷ್ಟವಿದ್ದರೆ ಬರುವ, ಇಲ್ಲದಿದ್ದರೆ ಬಿಡುವ ಸಂಗತಿ ಎಂದು ನಾನು ಒಪ್ಪುವುದಿಲ್ಲ. ಹಾಗೆಂದು ಮಗನಿಗೂ ಹೇಳಿದ್ದೇನೆ, ಒಂದು ಸಲ, ಸ್ಪಷ್ಟವಾಗಿ. ಆದರೆ ಎಚ್ಚರಿಸುವ ಕಾವಲುಗಾರ ಕೋಟೆಯ ಮೇಲೆ ನಿಂತು ಊರನ್ನು ನೋಡುತ್ತಿರುತ್ತಾನೆ, ಶತ್ರು ಎಲ್ಲಿಂದ ಬರುತ್ತಿದ್ದಾನೆಂದು ಅವನಿಗೆ ಗೊತ್ತಿರುತ್ತದೆ. ನನ್ನ ಮಗನ ಬದುಕಿನಲ್ಲಿ ಏನು ನಡೆಯುತ್ತಿದೆ ಎಂಬುದು ನನಗೆ ಗೊತ್ತೇ ಇರಲಿಲ್ಲ. ಅವನು ಆ ಎರಡು ವರ್ಷದಲ್ಲಿ ಒಮ್ಮೆ ಕೆಲಸ ಕಳೆದುಕೊಂಡು, ಮೂರು ತಿಂಗಳು ಗೆಳೆಯನ ಕೋಣೆಯಲ್ಲಿದ್ದ. ಆ ಗೆಳೆಯ ಮುಸಲ್ಮಾನರ ಹುಡುಗ, ಒಂದು ದಿನವೂ ಬಾಡಿಗೆ ಕೇಳಲಿಲ್ಲವಂತೆ. ಇದೆಲ್ಲ ನನಗೆ ತಿಳಿದದ್ದು ನಾನು ಹಾಜರಿ ಕೂಗುವುದನ್ನು ನಿಲ್ಲಿಸಿದ ಆರು ತಿಂಗಳ ಮೇಲೆ.

ಧರ್ಮಕೇಂದ್ರದ ಕಥೆಗೆ ಮರಳುತ್ತೇನೆ. 2018ರಲ್ಲಿ ರೋಮಿನಲ್ಲಿ ಯುವಜನರನ್ನು ಕುರಿತು ಧರ್ಮಾಧ್ಯಕ್ಷರ ಸಿನೋದ್ ನಡೆಯಿತು. ಅದರ ಮರುವರ್ಷ ಆಗಿನ ಜಗದ್ಗುರು ಫ್ರಾನ್ಸಿಸ್‌ರವರು 'ಕ್ರಿಸ್ತುಸ್ ವೀವಿತ್' ಎಂಬ ಪ್ರೇಷಿತ ಪತ್ರ ಬರೆದರು. ಯುವಜನರು ಧರ್ಮಸಭೆಯಿಂದ ದೂರವಾಗುವುದಕ್ಕೆ ಅವರು ಅಲ್ಲಿ ಮುಚ್ಚುಮರೆಯಿಲ್ಲದೆ ಕಾರಣಗಳನ್ನು ಹೇಳುತ್ತಾರೆ. ಲೈಂಗಿಕ ಹಗರಣಗಳು, ಹಣದ ಹಗರಣಗಳು, ಸಿದ್ಧತೆಯಿಲ್ಲದ ಪ್ರಸಂಗಗಳು, ಸಮುದಾಯದಲ್ಲಿ ಯುವಕರನ್ನು ಸುಮ್ಮನೆ ಕೂರಿಸಿಡುವುದು. ಗಿಟಾರ್ ಇಲ್ಲದ್ದು ಆ ಪಟ್ಟಿಯಲ್ಲಿಲ್ಲ. ನಾನು ಆ ಪತ್ರವನ್ನು ಓದಿದ್ದು ಬೆಂಚಿನ ಮಾತು ಕೇಳಿದ ಮೇಲೆ. ಯುವಕರಿಗೆ ನಾವು ಕೊಡುವ ಕೆಲಸಗಳನ್ನು ಎಣಿಸಿದೆ: ಕುರ್ಚಿ ಹೊರುವುದು, ಗೋದಲಿ ಕಟ್ಟುವುದು, ತೇರು ಎಳೆಯುವುದು, ಊಟ ಬಡಿಸುವುದು, ಶುಭಶುಕ್ರವಾರದ ನಾಟಕದಲ್ಲಿ ರೋಮನ್ ಸೈನಿಕರಾಗುವುದು. ಎಲ್ಲಕ್ಕೂ ತೋಳು ಸಾಕು, ತಲೆ ಬೇಡ.

ಆ ಹುಡುಗಿಯನ್ನೂ ಇನ್ನಿಬ್ಬರನ್ನೂ ಪಾಲನಾ ಸಮಿತಿಗೆ ತೆಗೆದುಕೊಳ್ಳೋಣವೆಂದೆ. ಗುರುಗಳು ಒಪ್ಪಿದರು. ಮೊದಲ ಸಭೆಯಲ್ಲಿ ಮೂವರೂ ಬಾಯಿ ತೆರೆಯಲಿಲ್ಲ. ಎರಡನೆಯ ಸಭೆಯಲ್ಲಿ ಅವಳು, "ಹಬ್ಬದ ಲೆಕ್ಕ ನೋಡಬಹುದಾ?" ಎಂದಳು. ಬಿ.ಕಾಂ. ಓದಿದವರನ್ನು ಸಮಿತಿಗೆ ಸೇರಿಸಿಕೊಂಡರೆ ಇದೊಂದು ತೊಂದರೆ. ಕೋಣೆಯಲ್ಲಿ ಗುಸುಗುಸು ಶುರುವಾಯಿತು. ನಿನ್ನೆ ಮೊನ್ನೆಯ ಮಕ್ಕಳು, ನಮ್ಮನ್ನೇ ಕಳ್ಳರೆನ್ನುತ್ತಾರೆಯೇ? ಒಬ್ಬರು ಎದ್ದು ಹೊರಗೆ ಹೋದರು.

ಯಾರೂ ಕದ್ದಿರಲಿಲ್ಲ. ಲೆಕ್ಕ ಪೈಸೆಗೆ ಪೈಸೆ ಸರಿಯಿತ್ತು. ಆದರೆ ಹಬ್ಬದ ಪಟಾಕಿಗೆ ಖರ್ಚಾದ ಹಣ, ಇಡೀ ವರ್ಷ ಬಡಮಕ್ಕಳ ಶಾಲಾಶುಲ್ಕಕ್ಕೆ ಕೊಟ್ಟ ಹಣಕ್ಕಿಂತ ಹೆಚ್ಚಾಗಿತ್ತು. ಎರಡೂ ಒಂದೇ ಪುಟದಲ್ಲಿ, ಮೇಲೆ ಕೆಳಗೆ, ವರ್ಷ ವರ್ಷವೂ ಹೀಗೇ ಇತ್ತು. ಅವಳು ಏನನ್ನೂ ಹೇಳಲಿಲ್ಲ. ಎರಡು ಸಂಖ್ಯೆಗಳ ಮೇಲೂ ಬೆರಳಿಟ್ಟು ಪುಸ್ತಕವನ್ನು ನನ್ನ ಕಡೆ ತಿರುಗಿಸಿದಳು. ಪುಟದ ಕೆಳಗೆ ಸಮಿತಿಯ ಪರವಾಗಿ ಸಹಿ ಹಾಕಿದ್ದವನು ನಾನು. ಏಳು ವರ್ಷದಿಂದ, ಒಮ್ಮೆಯೂ ಓದದೆ.

ಬಾಲಕ ಸಮುವೇಲನ ಕಥೆಯನ್ನು ಧರ್ಮೋಪದೇಶದಲ್ಲಿ ಎಷ್ಟು ಸಲ ಹೇಳಿಲ್ಲ! ರಾತ್ರಿ ದೇವರು ಕರೆಯುತ್ತಾರೆ, ಹುಡುಗ ಮುದುಕ ಯಾಜಕ ಏಲಿಯ ಬಳಿಗೆ ಓಡುತ್ತಾನೆ, ಏಲಿ ಹೋಗಿ ಮಲಗಿಕೋ ಎನ್ನುತ್ತಾನೆ. ಮೂರನೆಯ ಸಲಕ್ಕೆ ಏಲಿಗೆ ಅರ್ಥವಾಗಿ, ಮತ್ತೆ ಕರೆದರೆ ಹೇಗೆ ಉತ್ತರ ಕೊಡಬೇಕೆಂದು ಕಲಿಸುತ್ತಾನೆ. ಮಕ್ಕಳಿಗೆ ನಾವು ಹೇಳುವ ಕಥೆ ಇಲ್ಲಿಗೆ ನಿಲ್ಲುತ್ತದೆ; ದೇವರ ಕರೆಗೆ ಓಗೊಡಿ ಎಂದು ಮುಗಿಸುತ್ತೇವೆ. ಸಮುವೇಲನ ಮೊದಲನೆಯ ಗ್ರಂಥದ ಮೂರನೆಯ ಅಧ್ಯಾಯ ಅಲ್ಲಿಗೆ ಮುಗಿಯುವುದಿಲ್ಲ. ಆ ರಾತ್ರಿ ಹುಡುಗ ಕೇಳಿಸಿಕೊಂಡ ಸಂದೇಶ ಏಲಿಯ ಮನೆತನದ ವಿರುದ್ಧವೇ ಇತ್ತು. ದೇವರಿಗೆ ಅರ್ಪಿಸಿದ ಬಲಿಯ ಮಾಂಸವನ್ನು ಕಿತ್ತುಕೊಳ್ಳುತ್ತಿದ್ದ ಮಕ್ಕಳನ್ನು ಏಲಿ ತಡೆಯಲಿಲ್ಲ ಎಂಬುದು ದೂರು. ಬೆಳಗಾದಾಗ ಸಮುವೇಲ ಹೇಳಲು ಹೆದರುತ್ತಾನೆ. ಅನ್ನವಿಕ್ಕಿ ಸಾಕಿದ ಮುದುಕನಿಗೆ ಇಂಥದನ್ನು ಹೇಗೆ ಹೇಳುವುದು? ಏಲಿಯೇ ಕರೆದು, ಒಂದನ್ನೂ ಮುಚ್ಚಿಡಬೇಡ ಎಂದು ಒತ್ತಾಯಿಸಿ ಹೇಳಿಸುತ್ತಾನೆ. ಕೇಳಿದ ಮೇಲೆ ಹುಡುಗನನ್ನು ಗದರಿಸುವುದಿಲ್ಲ. ಮಾತನಾಡಿದವರು ಸ್ವಾಮಿದೇವರೇ ಎಂದು ತಲೆಬಾಗುತ್ತಾನೆ.

ಏಲಿಯನ್ನು ನಾವು ಸೋತ ತಂದೆಯೆಂದು ಮಾತ್ರ ನೆನೆಯುತ್ತೇವೆ. ಕಣ್ಣು ಮಂಜಾದ, ಮನೆಯಲ್ಲಿ ಸೋತ ಆ ಮುದುಕ ಒಂದು ಕೆಲಸವನ್ನು ಮಾತ್ರ ಸರಿಯಾಗಿ ಮಾಡಿದ. ತನಗೆ ಕೇಳಿಸದ ದನಿ ಒಬ್ಬ ಹುಡುಗನಿಗೆ ಕೇಳಿಸುತ್ತಿದೆ ಎಂಬುದನ್ನು ಒಪ್ಪಿಕೊಂಡ. ಆ ದನಿ ತನ್ನ ವಿರುದ್ಧವೇ ತಿರುಗಿದಾಗಲೂ ಒಪ್ಪಿಕೊಂಡ. ಯುವಜನ ಸೇವೆಗೆ ಇದಕ್ಕಿಂತ ಕಠಿಣವಾದ ಅರ್ಹತೆಯನ್ನು ನಾನು ಕಾಣೆ. ಇದು ಹೊಸ ಕಾಲದ ಆಮದೂ ಅಲ್ಲ. ಆರನೆಯ ಶತಮಾನದಲ್ಲೇ ಸಂತ ಬೆನೆಡಿಕ್ಟರು ತಮ್ಮ ಮಠದ ನಿಯಮದಲ್ಲಿ, ಮುಖ್ಯ ವಿಷಯಗಳಿಗೆ ಎಲ್ಲರನ್ನೂ ಸಲಹೆಗೆ ಕರೆಯಬೇಕು, ಏಕೆಂದರೆ ಉತ್ತಮವಾದುದನ್ನು ಪ್ರಭು ಎಷ್ಟೋ ಸಲ ಕಿರಿಯನಿಗೇ ತಿಳಿಸುತ್ತಾರೆ ಎಂಬ ಅರ್ಥದ ಮಾತನ್ನು ಬರೆದಿಟ್ಟರು. ಕಳೆದ ಶತಮಾನದಲ್ಲಿ ಬೆಲ್ಜಿಯಂ ದೇಶದ ಫಾದರ್ ಜೋಸೆಫ್ ಕಾರ್ಡೈನ್‌ರವರು ಮಾಡಿದ್ದೂ ಇದನ್ನೇ. ತಾನು ಗುರುಮಠಕ್ಕೆ ಸೇರಿದಾಗ ಕಾರ್ಖಾನೆಗೆ ಸೇರಿದ ಗೆಳೆಯರು, ರಜೆಯಲ್ಲಿ ಸಿಕ್ಕಾಗ ತನ್ನನ್ನು ಎದುರು ಪಕ್ಷದವನಂತೆ ನೋಡಿದ್ದನ್ನು ಅವರು ಮರೆಯಲಿಲ್ಲ. 1925ರಲ್ಲಿ ಅವರು ಯುವ ಕ್ರೈಸ್ತ ಕಾರ್ಮಿಕರ ಚಳವಳಿಯನ್ನು ಕಟ್ಟಿದಾಗ, ಅದನ್ನು ನಡೆಸುವ ಕೈಗೆ ಕಾರ್ಮಿಕ ಹುಡುಗ ಹುಡುಗಿಯರನ್ನೇ ಹಾಕಿದರು. ನೋಡು, ಪರಿಶೀಲಿಸು, ಕಾರ್ಯವೆಸಗು ಎಂಬ ಮೂರು ಹೆಜ್ಜೆಗಳು ನಮ್ಮ ಶಾಲೆಗಳ ವೈ.ಸಿ.ಎಸ್. ಘಟಕದಲ್ಲಿ ಬೆಳೆದವರಿಗೆ ಪರಿಚಿತ. ನಾವು ಆ ಮೂರನ್ನೂ ಗೋಡೆಗೆ ಬರೆಸಿದ್ದೆವು. ಮೊದಲನೆಯ ಹೆಜ್ಜೆಯಲ್ಲಿ ಮಕ್ಕಳು ನಮ್ಮ ಲೆಕ್ಕದ ಪುಸ್ತಕವನ್ನೇ ನೋಡಬಹುದೆಂದು ಎಣಿಸಿರಲಿಲ್ಲ.

1983ರ ಧರ್ಮಸಭೆಯ ಕಾನೂನು ಸಂಹಿತೆಯೂ ವಿಶ್ವಾಸಿಗಳಿಗೆ ತಮ್ಮ ಅರಿವಿಗೆ ತಕ್ಕಂತೆ, ಧರ್ಮಸಭೆಯ ಒಳಿತಿನ ವಿಷಯದಲ್ಲಿ ಪಾಲಕರಿಗೆ ಅಭಿಪ್ರಾಯ ತಿಳಿಸುವ ಹಕ್ಕನ್ನು, ಕೆಲವೊಮ್ಮೆ ಕರ್ತವ್ಯವನ್ನೂ ಕೊಡುತ್ತದೆ, ಗೌರವದಿಂದ ತಿಳಿಸಬೇಕೆಂಬ ಷರತ್ತಿನೊಂದಿಗೆ. ಅವಳು ಗೌರವದಿಂದಲೇ ಕೇಳಿದ್ದಳು. ಗೌರವ ತಪ್ಪಿದ್ದು ನಮ್ಮ ಕಡೆಯಿಂದ.

ಮುಂದೇನಾಯಿತು ಎಂದು ಕೇಳುವಿರಿ. ಮರುವರ್ಷದ ಹಬ್ಬಕ್ಕೆ ಪಟಾಕಿ ಅರ್ಧಕ್ಕಿಳಿಯಿತು. ಉಳಿದ ಹಣದಲ್ಲಿ ಮೂರು ಮಕ್ಕಳ ಕಾಲೇಜು ಶುಲ್ಕ ಕಟ್ಟಿದೆವು. ಎರಡು ಕುಟುಂಬಗಳು ಹಬ್ಬದ ವಂತಿಗೆ ಕೊಡುವುದನ್ನೇ ನಿಲ್ಲಿಸಿದವು. ಅವರಲ್ಲೊಬ್ಬರು ಇಂದಿಗೂ ನನ್ನನ್ನು ಕಂಡರೆ ರಸ್ತೆ ದಾಟುತ್ತಾರೆ. ಯುವಜನರು ತಂಡೋಪತಂಡವಾಗಿ ದೇವಾಲಯಕ್ಕೆ ಮರಳಿದರೇ? ಇಲ್ಲ. ಸಮಿತಿಯಲ್ಲಿದ್ದ ಮೂವರಲ್ಲಿ ಒಬ್ಬ ಹುಡುಗ ಆಮೇಲೆ ಬರಲೇ ಇಲ್ಲ, ಕಾರಣವನ್ನೂ ಹೇಳಲಿಲ್ಲ. ಹುಡುಗಿ ಈಗ ಒಂದು ಬ್ಯಾಂಕಿನಲ್ಲಿದ್ದಾಳೆ, ಬೇರೆ ಜಿಲ್ಲೆಯಲ್ಲಿ. ಬೆಂಚುಗಳನ್ನು ಎಣಿಸುವವರಿಗೆ ನಮ್ಮ ಧರ್ಮಕೇಂದ್ರದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೇನೂ ಕಾಣದು. ಡ್ರಮ್ಸ್ ಇನ್ನೂ ಗೋಣಿಬಟ್ಟೆಯ ಕೆಳಗೇ ಇದೆ. ಬೇಕಾದ ಧರ್ಮಕೇಂದ್ರದವರು ತಿಳಿಸಿದರೆ ಕೊಡುತ್ತೇವೆ.

ಮಗನಿಗೆ ಈಗಲೂ ಭಾನುವಾರ ಸಂಜೆಯೇ ಫೋನ್ ಮಾಡುತ್ತೇನೆ. ಪೂಜೆಯ ಮಾತನ್ನು ನಾನಾಗಿ ಎತ್ತುವುದಿಲ್ಲ. ಹೋಗುತ್ತಾನೋ ಇಲ್ಲವೋ ತಿಳಿಯದು. ಪ್ರಾರ್ಥಿಸುತ್ತೇನೆ, ಅದನ್ನು ಅವನಿಗೆ ಹೇಳಿದ್ದೇನೆ. ಮೊನ್ನೆ ಮಾತಿನ ನಡುವೆ ಅವನೇ ಕೇಳಿದ: "ಅಪ್ಪಾ, ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನೀವು ಯಾಕೆ ಹೋಗ್ತೀರ, ಪ್ರತಿ ವಾರ?"

ಮೂವತ್ತು ವರ್ಷ ಧರ್ಮೋಪದೇಶ ಮಾಡಿದವನಿಗೆ ಬಾಯಿಗೆ ಬಂದದ್ದು ಪುಸ್ತಕದ ಉತ್ತರ. ಅದನ್ನು ನುಂಗಿಕೊಂಡೆ. ಮುಂದಿನ ವಾರ ಹೇಳುತ್ತೇನೆ ಮಗಾ ಎಂದೆ. ಅಂದಿನಿಂದ ಒಂದು ಹಳೆಯ ನೋಟುಬುಕ್ಕಿನಲ್ಲಿ ಬರೆಯುತ್ತಿದ್ದೇನೆ, ಹೊಡೆದು ಹಾಕುತ್ತಿದ್ದೇನೆ. ನನ್ನ ಅವ್ವನ ಸಾವಿನ ದಿನ ಪರಮಪ್ರಸಾದ ಸ್ವೀಕರಿಸಿದಾಗ ಆದದ್ದನ್ನು ಅರ್ಧ ಪುಟ ಬರೆದಿದ್ದೇನೆ. ಅದನ್ನು ಇದುವರೆಗೆ ಯಾರಿಗೂ ಹೇಳಿರಲಿಲ್ಲ, ಯಾರೂ ಕೇಳಿಯೂ ಇರಲಿಲ್ಲ. ನಾಳೆ ಭಾನುವಾರ. ಇನ್ನೂ ಅರ್ಧ ಪುಟ ಬಾಕಿಯಿದೆ.